ಒಂದು ಗಂಟೆಯ ಲೆಕ್ಕ

"ಸಾರ್, ಬೆಂಗಳೂರಿಗೆ ವಿಮಾನದಲ್ಲಿ ಒಂದೇ ಗಂಟೆ, ಬಸ್ಸಿಗೆ ಇಡೀ ರಾತ್ರಿ!" ವೇಗದ ಪಾಠದ ನಡುವೆ ಹುಡುಗನೊಬ್ಬ ಹೇಳಿದ.

ಕರಿಹಲಗೆಯಲ್ಲಿ ಕೂಡಿಸಿದೆವು. ಕಾಪುವಿನಿಂದ ಬಜಪೆಗೆ ಒಂದೂವರೆ ಗಂಟೆ (ಕಾರ್ಕಳದವರಿಗೆ ತುಸು ಕಡಿಮೆ), ತಪಾಸಣೆ, ಕಾಯುವಿಕೆ ಒಂದೂವರೆ, ಹಾರಾಟ ಒಂದು, ದೇವನಹಳ್ಳಿಯಿಂದ ಮೆಜೆಸ್ಟಿಕ್ಕಿಗೆ ಮತ್ತೊಂದೂವರೆ. ಒಟ್ಟು ಐದೂವರೆ. ಉಡುಪಿಯಲ್ಲೋ ಮಣಿಪಾಲದಲ್ಲೋ ಬಸ್ಸು ಹತ್ತಿದರೆ ಒಂಬತ್ತು-ಹತ್ತು ಗಂಟೆ; ಆದರೆ ಅದು ಹೇಗೂ ಮಲಗುವ ಹೊತ್ತು, ಹಗಲು ಖರ್ಚಾಗುವುದಿಲ್ಲ. ಬಸ್ಸೇ ಗೆದ್ದಿತು.

ಹಲಗೆಯಲ್ಲಿ ಬರೆಯದ ಲೆಕ್ಕವೊಂದಿದೆ. 2024ರ ಜುಲೈಯಲ್ಲಿ ಗುಡ್ಡ ಕುಸಿದು ಶಿರಾಡಿ ಘಾಟಿ ಬಂದ್ ಆದಾಗ ಮಗಳಿಗೆ ಬೆಂಗಳೂರಿನಲ್ಲಿ ಕೆಲಸದ ಸಂದರ್ಶನ. ಹಿಂದೆಮುಂದೆ ನೋಡದೆ ವಿಮಾನದ ಟಿಕೆಟು ತೆಗೆದೆ. ಬಜಪೆಯಲ್ಲಿ ಮಳೆ, ಮೋಡ. ಕಾದದ್ದು ನಾಲ್ಕು ಗಂಟೆ. ಅವಳು ತಲಪಿದಾಗ ಸಂದರ್ಶನಕ್ಕೆ ಹತ್ತೇ ನಿಮಿಷ ಉಳಿದಿತ್ತು.