ಗಲಗಲ ಅನ್ನುವ ಡಬ್ಬಿ

ಬೆಂಗಳೂರಿಂದ ಊರಿಗೆ ಬರುವವರ ಬ್ಯಾಗಿನಲ್ಲಿ ಸ್ವೀಟ್ ಬಾಕ್ಸ್ ಇರುತ್ತದೆ. ನನ್ನ ಬ್ಯಾಗಿನಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ ಉಂಟು, ಅಲ್ಲಾಡಿಸಿದರೆ ಗಲಗಲ ಅನ್ನುತ್ತದೆ. "ಅದೆಂತ ಮಗಾ, ಕೋಡ್ ಬರೆಯುವವನಿಗೆ ಸ್ಕ್ರೂ ಡ್ರೈವರ್?" ಅಂತ ಅಮ್ಮ ನಗುತ್ತಾರೆ.

ವಿಷಯ ಏನಂದ್ರೆ, ಅಲೆವೂರಿನ ಮನೆಯಲ್ಲಿ ಏನು ಹಾಳಾದರೂ ಈಗ ರಿಪೇರಿಗೆ ಕೊಡಲಿಕ್ಕೆ ಜನ ಇಲ್ಲ. ಹಿಂದೆ ರೇಡಿಯೋ, ಟೇಪ್ ರೆಕಾರ್ಡರ್ ಬಿಚ್ಚುತ್ತಿದ್ದ ಅಂಗಡಿಗಳಲ್ಲಿ ಈಗ ಮೊಬೈಲಿಗೆ ಗ್ಲಾಸ್ ಅಂಟಿಸುತ್ತಾರೆ. ಎಂತ ತಕೊಂಡು ಹೋದರೂ "ಹೊಸದು ತಕೊಳ್ಳಿ ಮಾರಾಯ್ರೆ" ಅನ್ನುವುದೇ ಉತ್ತರ.

ಹಾಗಾಗಿ ಎಸ್.ಪಿ. ರೋಡಿನಲ್ಲಿ ಸುತ್ತಿ ಒಂದೊಂದೇ ಸೇರಿಸಿದೆ. ಮೊದಲು ಮಲ್ಟಿಮೀಟರ್, ಅದೂ ಕೆಪಾಸಿಟರ್ ಅಳೆಯುವಂಥದ್ದು. ತೀರಾ ಅಗ್ಗದ ಹಳದಿ ಮೀಟರ್‌ಗಳಲ್ಲಿ ಸಾಮಾನ್ಯವಾಗಿ ಈ ಸೌಲಭ್ಯ ಇರುವುದಿಲ್ಲ. ಆಮೇಲೆ ಯುಎಸ್‌ಬಿ-ಸಿ ಸೋಲ್ಡರಿಂಗ್ ಐರನ್. ಮಳೆಗಾಲದಲ್ಲಿ ಕರೆಂಟ್ ಹೋದರೂ ಪವರ್‌ಫುಲ್ ಆದ ಪವರ್ ಬ್ಯಾಂಕ್ ಇದ್ದರೆ ಕೆಲಸ ನಡೆಯುತ್ತದೆ. 63/37 ಸೋಲ್ಡರ್ ತಂತಿ ಒಂದು ಸುರುಳಿ, ಇದು 183 ಡಿಗ್ರಿಗೇ ಕರಗುತ್ತದೆ. ಸೀಸ ಇರುವುದರಿಂದ ಕೆಲಸ ಮುಗಿದ ಮೇಲೆ ಕೈ ತೊಳೆಯದೆ ಊಟಕ್ಕೆ ಕೂರಬಾರದು. ಜೊತೆಗೆ ಸೋಲ್ಡರ್ ಹೀರುವ ಪಂಪು, ಚಿಮಟ, ಐಸೋಪ್ರೊಪೈಲ್ ಆಲ್ಕೋಹಾಲ್, ಹಳೇ ಟೂತ್‌ಬ್ರಷ್. ಕೊನೆಯ ಎರಡು ಕರಾವಳಿಯವರಿಗೆ ಬೇಕೇ ಬೇಕು. ವರ್ಷಕ್ಕೆ 4,000 ಮಿ.ಮೀ. ಮಳೆ ಸುರಿಯುವ ಕಡೆ ಯಾವ ಸಾಮಾನು ಬಿಚ್ಚಿದರೂ ಒಳಗೆ ತುಕ್ಕು, ಹಸಿರು ಪುಡಿ.

ಮೊದಲ ಗಿರಾಕಿ ಚಾವಡಿಯ ಫ್ಯಾನ್. ರೆಗ್ಯುಲೇಟರ್ 5ರಲ್ಲಿಟ್ಟರೂ ಆಕಳಿಸುತ್ತಾ ತಿರುಗುತ್ತಿತ್ತು. ಮೇನ್ ಸ್ವಿಚ್ ಆಫ್ ಮಾಡಿ, ಕೆಪಾಸಿಟರ್ ಡಿಸ್ಚಾರ್ಜ್ ಮಾಡಿ ಅಳೆದರೆ, 2.5 ಮೈಕ್ರೋಫ್ಯಾರಡ್ ಇರಬೇಕಾದಲ್ಲಿ 1.4! ಹೊಸ ಕೆಪಾಸಿಟರಿಗೆ ನೂರು ರೂಪಾಯಿಯೂ ಆಗಲಿಲ್ಲ.

ಆಮೇಲೆ ಅಮ್ಮ ಏನೂ ಹೇಳದೆ ಕಪಾಟಿನಿಂದ ಅಪ್ಪನ ರೇಡಿಯೋ ತಂದಿಟ್ಟರು. ಅಪ್ಪ ಹೋದ ಮೇಲೆ ಯಾರೂ ಮುಟ್ಟಿರಲಿಲ್ಲ. ಅಂಗಡಿಯವರು "ಇದರ ಐಸಿ ಹೋಗಿದೆ, ಸಿಕ್ಕುವುದಿಲ್ಲ" ಅಂದಿದ್ದರಂತೆ. ಎರಡು ಹೊಸ ಸೆಲ್ ಹಾಕಿ ಮೀಟರ್ ಇಟ್ಟೆ. ಸೆಲ್ಲಿನ ಹತ್ತಿರ 3 ವೋಲ್ಟ್, ಬೋರ್ಡಿನ ಹತ್ತಿರ ಸೊನ್ನೆ. ಐಸಿಯವರೆಗೆ ಹೋಗುವ ಮಾತೇ ಇಲ್ಲ, ಕರೆಂಟ್ ದಾರಿಯಲ್ಲೇ ನಿಂತಿದೆ! ಹಳೇ ಸೆಲ್ ಸೋರಿ ಸ್ಪ್ರಿಂಗೂ ಅದರ ವಯರೂ ತಿಂದುಹೋಗಿದ್ದವು. ಕೆರೆದು, ಒರೆಸಿ, ಎರಡಿಂಚು ವಯರ್ ಬೆಸೆದೆ. ಮೊದಲು ಗರಗರ, ಆಮೇಲೆ ಯಾರೋ ಮಾತಾಡಿದರು. ಟ್ಯೂನಿಂಗ್ ಮುಳ್ಳು ಅಪ್ಪ ಬಿಟ್ಟ ಜಾಗದಲ್ಲೇ ಇತ್ತು. ಅದನ್ನು ತಿರುಗಿಸಲಿಕ್ಕೆ ಅಮ್ಮ ಬಿಡಲಿಲ್ಲ.

ಹಾಗಂತ ಎಲ್ಲವನ್ನೂ ಬಿಚ್ಚಲು ಹೋಗಬೇಡಿ. ಮೈಕ್ರೋವೇವ್ ಓವನ್ನಿನ ಕೆಪಾಸಿಟರ್ ಪ್ಲಗ್ ತೆಗೆದ ಮೇಲೂ ಜೀವ ತೆಗೆಯಬಲ್ಲದು. ಅದು ನನ್ನ ಡಬ್ಬಿಯ ಕೆಲಸವಲ್ಲ. ಆದರೆ ಗುಜರಿಗೆ ಹಾಕುವ ಮೊದಲು ವೋಲ್ಟೇಜ್ ಎಲ್ಲಿಯವರೆಗೆ ಬಂದು ನಿಂತಿದೆ ಅಂತ ಒಮ್ಮೆ ನೋಡಿ. ಎಷ್ಟೋ ಸಾಮಾನುಗಳು ಸತ್ತಿರುವುದಿಲ್ಲ, ಒಂದು ವಯರ್ ಕಿತ್ತಿರುತ್ತದೆ ಅಷ್ಟೇ.

ಈಗ ಡಬ್ಬಿಗೇ ತುಕ್ಕಿನ ಕಾಟ ಶುರುವಾಗಿದೆ. ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿಟ್ಟಿದ್ದೇನೆ. ಇದಕ್ಕಿಂತ ಒಳ್ಳೆಯ ಉಪಾಯ ನಿಮಗೆ ಗೊತ್ತುಂಟಾ? ಇದ್ದರೆ ಹೇಳಿ, ಜೂನ್ ಬರುವ ಮೊದಲು :)