ದೆವ್ವ ಯಾಕೆ ಅಳುತ್ತದೆ?

ಮಲಪ್ರಭೆಯ ದಂಡೆಯ ಹೊಳೆಆಲೂರಿನಂಥ ಊರಿನಲ್ಲಿ ದೆವ್ವದ ಕಥೆಗಳಿಗೆ ಬರವಿಲ್ಲ. ರಾತ್ರಿ ಕರೆಂಟ್ ಹೋಯಿತೆಂದರೆ ಹೊಳೆಯ ಗಾಳಿ, ದೂರದ ರೈಲಿನ ಕೂಗು ಎರಡೂ ಕಥೆಗೆ ಹಿಮ್ಮೇಳವಾಗುತ್ತವೆ. ಕಥೆ ಹೇಳುವ ಅಜ್ಜಿ ದೆವ್ವವನ್ನು ತೋರಿಸುವುದಿಲ್ಲ. ಹೊಳೆಯ ಕಡೆಯಿಂದ ಯಾರೋ ಅತ್ತಂತೆ ಕೇಳಿಸಿತು ಎಂದು ಹೇಳಿ, ಎಲೆಯಡಿಕೆ ಮೆಲ್ಲುತ್ತ ಸುಮ್ಮನಾಗುತ್ತಾಳೆ. ಆ ಮೌನದಲ್ಲಿ ಮೊಮ್ಮಕ್ಕಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕೊನೆಗೊಂದು ಕೇಳಿಯೇಬಿಡುತ್ತದೆ: "ಆಕಿ ಯಾಕ ಅಳತಿದ್ಲಬೇ ಅಜ್ಜಿ?" ದೆವ್ವದ ಸಿನಿಮಾ ಗೆಲ್ಲುವುದೂ ಸೋಲುವುದೂ ಈ ಪ್ರಶ್ನೆಯ ಮೇಲೆಯೇ.

ಬಾಗಿಲು ದಡ್ಡೆಂದು ಬಡಿದಾಗ ಪ್ರೇಕ್ಷಕ ಬೆಚ್ಚಿಬೀಳುವುದು ಬರೀ ಪರಾವರ್ತಿತ ಪ್ರತಿಕ್ರಿಯೆ. ಕಾದ ಹಂಚಿಗೆ ತಾಗಿದ ಕೈ ತಾನಾಗಿ ಹಿಂದೆ ಬಂದಂತೆ. ಕ್ಷಣದಲ್ಲಿ ಮುಗಿಯುತ್ತದೆ. ತಳಮಳದ ಜಾತಿಯೇ ಬೇರೆ. ಮೇಜಿನ ಕೆಳಗಿನ ಬಾಂಬು ದಿಢೀರನೆ ಸಿಡಿದರೆ ಬರೀ ಗಾಬರಿ; ಬಾಂಬಿರುವುದು ಪ್ರೇಕ್ಷಕನಿಗೆ ಗೊತ್ತಿದ್ದು, ಕುಳಿತವರಿಗೆ ಗೊತ್ತಿಲ್ಲದಿದ್ದರೆ ತಳಮಳ ಎಂದು ಹಿಚ್‌ಕಾಕ್ ವಿವರಿಸುತ್ತಿದ್ದ. ಕುಳಿತವರು ನಮ್ಮವರೆನಿಸಿದರೆ ತಳಮಳ ಇಮ್ಮಡಿಯಾಗುತ್ತದೆ. 1979ರ 'ನಾ ನಿನ್ನ ಬಿಡಲಾರೆ'ಯಲ್ಲಿ ಪ್ರೇತ ಹೊಕ್ಕಿದ್ದು ಅನಂತನಾಗ್ ಅಭಿನಯಿಸಿದ ಗಂಡನ ಮೈಯಲ್ಲೇ. ಕಾಯಬೇಕಾದವನೇ ಕಾಡತೊಡಗಿದರೆ ಹೆಂಡತಿ ಹೋಗುವುದೆಲ್ಲಿಗೆ? ಹೆದರಿಕೆಯ ಜೊತೆಗೇ ಕರುಣೆ ಹುಟ್ಟಿತು.

ಪಿ. ವಾಸು ನಿರ್ದೇಶನದ 'ಆಪ್ತಮಿತ್ರ'ದಲ್ಲಿ (2004) ದೆವ್ವವೆಂದು ಕಾಡುವುದು ಮನಸ್ಸಿನ ಕಾಯಿಲೆ. ಗೆಜ್ಜೆಯ ಸದ್ದು ಕೇಳಿ ನಡುಗಿದ ಪ್ರೇಕ್ಷಕ, ಅದು ನರಳುತ್ತಿರುವ ಹೆಣ್ಣೆಂದು ತಿಳಿದೊಡನೆ ಅವಳ ಪಕ್ಷ ವಹಿಸುತ್ತಾನೆ. ವಿಷ್ಣುವರ್ಧನ್ ಅವರ ವೈದ್ಯ ಅವಳನ್ನು ಉಳಿಸಲು ಹೆಣಗುತ್ತಾನೆ. ಆ ಪಾತ್ರ ಮಾಡಿದ ಸೌಂದರ್ಯ ಅದೇ ವರ್ಷದ ಏಪ್ರಿಲ್ 17ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡರು. ಚಿತ್ರ ತೆರೆಕಂಡದ್ದು ಆಗಸ್ಟ್‌ನಲ್ಲಿ. ತೆರೆಯ ಮೇಲೆ ಕುಣಿಯುವಾಕೆ ಇನ್ನಿಲ್ಲವೆಂಬುದು ನೋಡುವವರಿಗೆಲ್ಲ ಗೊತ್ತಿತ್ತು. ಅಂಥ ಸಂಕಟವನ್ನು ಯಾವ ನಿರ್ದೇಶಕನೂ ಬರೆದು ತರಲಾರ.

ಪವನ್ ಕುಮಾರ್ ಅವರ 'ಯು ಟರ್ನ್' (2016) ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಬೆಂಗಳೂರಿನ ಡಬಲ್ ರೋಡ್ ಮೇಲ್ಸೇತುವೆಯಲ್ಲಿ, ಬೇಗ ತಿರುಗಿ ಹೋಗಲೆಂದು ನಡುವಿನ ಕಲ್ಲು ಸರಿಸಿದವರು ಒಬ್ಬೊಬ್ಬರಾಗಿ ಸಾಯುತ್ತಾರೆ. ಹಾಗೆ ಸರಿಸಿಟ್ಟ ಕಲ್ಲಿನಿಂದಲೇ ಹಿಂದೊಮ್ಮೆ ಒಬ್ಬ ತಾಯಿ, ಅವಳ ಮಗು ಜೀವ ಕಳೆದುಕೊಂಡಿದ್ದರು. ಆ ಕಲ್ಲು ಸರಿಸಿದ ಕೈ ಯಾರದೆಂಬುದನ್ನು ಚಿತ್ರ ನೋಡಿಯೇ ತಿಳಿಯಬೇಕು. ನೋಡಿದವನು ಮುಂದೆಂದಾದರೂ ರಸ್ತೆ ನಡುವೆ ಬಿದ್ದ ಕಲ್ಲು ಕಂಡು, ಗಾಡಿ ನಿಲ್ಲಿಸಿ, ಇಳಿದು ಅದನ್ನು ಬದಿಗಿಟ್ಟರೆ ದೆವ್ವ ಬಂದ ಕೆಲಸ ಆಯಿತು.