ಮಳೆಯಿಲ್ಲದ ಊರಿಗೆ ಬರುವ ಮಹಾಪೂರ

ಮುಧೋಳ ಎಂದೊಡನೆ ಕವಿ ರನ್ನ, ಬೇಟೆನಾಯಿ, ಕಬ್ಬು ನೆನಪಾಗುವುದು ಸಹಜ. ಊರನ್ನು ನಿಜವಾಗಿ ಅರಿಯಬೇಕೆನ್ನುವವರು ಮಾತ್ರ ಯಾದವಾಡ ರಸ್ತೆಯ ಸೇತುವೆಯ ಮೇಲೆ ನಿಂತು ಘಟಪ್ರಭೆಯನ್ನು ನೋಡಬೇಕು. ಬೇಸಿಗೆಯಲ್ಲಿ ಅದು ಬಡಕಲು ಹೊಳೆ. ಇದೇ ಹೊಳೆ 2019ರ ಆಗಸ್ಟ್‌ನಲ್ಲಿ ಸೇತುವೆಯನ್ನು ಮುಳುಗಿಸಿ, ನಂದಗಾಂವ, ಢವಳೇಶ್ವರ, ಮಿರ್ಜಿಯಂಥ ಊರುಗಳಿಗೆ ನುಗ್ಗಿತ್ತು ಎಂದರೆ ಹೊಸಬರು ನಂಬಲಾರರು.

"ಸರ, ನಮ್ಮೂರಾಗ ಮಳೀನ ಆಗಿಲ್ಲ, ಹೊಳಿ ಹ್ಯಾಂಗ ಬಂತ್ರೀ?" ಎಂದು ವಿದ್ಯಾರ್ಥಿಯೊಬ್ಬ ಕೇಳಿದ್ದ. ಒಳ್ಳೆಯ ಪ್ರಶ್ನೆ. ಉತ್ತರ ಇರುವುದು ಪಶ್ಚಿಮದಲ್ಲಿ. ನಮ್ಮದು ಮಳೆ ನೆರಳಿನ ನಾಡು. ವರ್ಷದ ಸರಾಸರಿ ಮಳೆ 60 ಸೆಂ.ಮೀ. ಕೂಡ ಮುಟ್ಟುವುದಿಲ್ಲ. ಘಟಪ್ರಭೆ ಹುಟ್ಟುವ ಸಹ್ಯಾದ್ರಿಯಲ್ಲಾದರೋ ಇದರ ಹಲವು ಪಟ್ಟು. ಅಲ್ಲಿ ಸುರಿದದ್ದು ಇಲ್ಲಿಗೆ ಬಿಸಿಲಿನಲ್ಲೇ ಬರುತ್ತದೆ.

ನಡುವೆ ಹಿಡಕಲ್ ಅಣೆಕಟ್ಟು ಇದೆಯಲ್ಲ ಎನ್ನಬಹುದು. ಲೆಕ್ಕ ಹಾಕಿ ನೋಡೋಣ. ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಒಂದು ಕ್ಯೂಸೆಕ್, ಅಂದರೆ ಸುಮಾರು 28 ಲೀಟರು. ಒಂದು ಲಕ್ಷ ಕ್ಯೂಸೆಕ್ ನೀರು ಒಂದು ದಿನವಿಡೀ ಹರಿದರೆ 8.64 ಟಿ.ಎಂ.ಸಿ. ಹಿಡಕಲ್‌ನ ಸಾಮರ್ಥ್ಯ 51 ಟಿ.ಎಂ.ಸಿ. ಖಾಲಿ ಜಲಾಶಯವೇ ಆರು ದಿನಕ್ಕೆ ತುಂಬೀತು! ಮೊದಲೇ ತುಂಬಿದ್ದರೆ, ಬಂದ ನೀರನ್ನು ಬಂದಂತೆ ಕೆಳಗೆ ಬಿಡದೆ ಗತಿಯಿಲ್ಲ. ಸಾಲದ್ದಕ್ಕೆ ಹಿರಣ್ಯಕೇಶಿ, ಮಾರ್ಕಂಡೇಯ ಹೊಳೆಗಳು ಅಣೆಕಟ್ಟನ್ನು ದಾಟಿದ ಮೇಲೆ ಬಂದು ಕೂಡುತ್ತವೆ. ಗೇಟು ಮುಚ್ಚಿದೆಯೆಂದು ನಿಶ್ಚಿಂತರಾಗುವಂತಿಲ್ಲ.

ಅಪಾಯವನ್ನು ಅಳೆಯುವುದೆಂದರೆ ಹೊಳೆಯನ್ನು ಅಳೆಯುವುದಷ್ಟೇ ಅಲ್ಲ. ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ನೀರು ಎಲ್ಲಿಯವರೆಗೆ ಬಂದೀತು? ಅದರ ದಾರಿಯಲ್ಲಿ ಯಾರ ಮನೆ, ಯಾವ ಹೊಲ, ಎಷ್ಟು ದನಕರು ಇವೆ? ನೀರು ಬಂದಾಗ ಬೇಗ ಏಳಲಾರದವರು ಯಾರು? ಒಂದೇ ಎತ್ತರದ ನೀರು ಗಟ್ಟಿ ಮನೆಯ ಮೆಟ್ಟಿಲನ್ನು ತೋಯಿಸಿದರೆ, ಪಕ್ಕದ ಮಣ್ಣಿನ ಗೋಡೆಯನ್ನು ಕೆಡವುತ್ತದೆ. ನದಿ ಒಂದೇ, ಅಪಾಯ ಒಂದೇ ಅಲ್ಲ.

ಈ ಪಾಠಕ್ಕೆ ದುಬಾರಿ ಉಪಕರಣ ಬೇಡ. ನದಿದಂಡೆಯ ಊರಿನ ಮಕ್ಕಳು ರಜೆಯಲ್ಲಿ ಒಂದು ನೋಟುಬುಕ್ಕು ಹಿಡಿದು ಹಿರಿಯರ ಬಳಿ ಹೋಗಲಿ. 2005ರಲ್ಲಿ ನೀರು ಎಲ್ಲಿತ್ತು, 2019ರಲ್ಲಿ ಯಾವ ಮೆಟ್ಟಿಲು ಮುಟ್ಟಿತ್ತು ಎಂದು ಕೇಳಿ ಬರೆದುಕೊಳ್ಳಲಿ. ಗುಡಿಯ ಗೋಡೆ, ಶಾಲೆಯ ಕಂಬಗಳ ಮೇಲೆ ಬಣ್ಣದ ಗೆರೆ ಎಳೆದರೆ ಅದೇ ಊರಿನ ಅಳತೆಗೋಲು. ಮುಂದೆ ಮನೆ ಕಟ್ಟುವವರಿಗೆ ಆ ಗೆರೆಯೇ ಬುದ್ಧಿ ಹೇಳುತ್ತದೆ.

ಪಾಲಕರಿಗೂ ಒಂದು ಮಾತು. ಭೂಕಂಪ ಹೇಳಿ ಬರುವುದಿಲ್ಲ. ನಮ್ಮ ಹೊಳೆ ಹೇಳಿ ಬರುತ್ತದೆ. ಗೋಕಾಕದ ಲೋಳಸೂರ ಸೇತುವೆಗೆ ನೀರು ಬಂತೆಂಬ ಸುದ್ದಿ ಬಂದರೆ ನಮಗೆ ಕೆಲವು ತಾಸುಗಳಾದರೂ ಸಿಗುತ್ತವೆ. ಆ ತಾಸುಗಳಲ್ಲಿ ಮೊದಲು ಮುದುಕರು, ಮಕ್ಕಳು, ಆಮೇಲೆ ದನಗಳ ಕಣ್ಣಿ ಬಿಚ್ಚುವುದು, ಮಕ್ಕಳ ಅಂಕಪಟ್ಟಿ, ಹೊಲದ ಉತಾರ ತೆಗೆದುಕೊಳ್ಳುವುದು. ಈ ಸರದಿಯನ್ನು ಮನೆಮಂದಿ ಬೇಸಿಗೆಯಲ್ಲೇ ಕೂತು ಮಾತಾಡಿರಬೇಕು. ಹೊಳೆ ಬಾಗಿಲಿಗೆ ಬಂದಾಗ ಯೋಚಿಸಲು ಪುರುಸೊತ್ತು ಇರುವುದಿಲ್ಲ.